ಜೋಳದ ದಂಟಿನ ಬೆಲ್ಲ

ಮೂಡಲಗಿಯ ಹತ್ತಿರ ನನ್ನ ಸೋದರಮಾವನ ಕಬ್ಬಿನ ಗಾಣವಿತ್ತು. ಧಾರವಾಡದಲ್ಲಿ ರಸಾಯನಶಾಸ್ತ್ರದ ಬಿ.ಎಸ್ಸಿ. ಮುಗಿಸಿದ ಚಳಿಗಾಲ ನಾನು ಅಲ್ಲಿ ಕೂತು ಬಿಸಿ ಬೆಲ್ಲ ತಿನ್ನುತ್ತ, ಬಂದವರಿಗೆಲ್ಲ ತಿಳಿವಳಿಕೆ ಹಂಚುತ್ತಿದ್ದೆ. ರಾಜ್ಯ ಒಂದಾದ ಮರುವರ್ಷ ಎಂದು ನನ್ನ ನೆನಪು. ತಂಗಿ ಅದಕ್ಕೂ ಎರಡು ವರ್ಷ ಹಿಂದೆ ಎನ್ನುತ್ತಾಳೆ. ಅವಳು ಅಲ್ಲಿರಲೇ ಇಲ್ಲ. ಆದರೂ ಅವಳಷ್ಟು ಖಚಿತವಾಗಿ ಹೇಳುವ ಧೈರ್ಯ ನನಗಿಲ್ಲ.

"ಕಬ್ಬಾಗಲಿ, ತಾಳಿಮರ ಆಗಲಿ, ವಿಲಾಯತಿ ಬೀಟ್‌ರೂಟ್ ಗಡ್ಡಿ ಆಗಲಿ, ಸಕ್ಕರಿ ಎಲ್ಲಾ ಒಂದ ರಿ ಮಾಮಾ," ಎಂದೆ.

"ಜ್ವಾಳದ ದಂಟಿಂದು?"

"ಅದೂ ಒಂದ ರಿ."

ಮಾವ ಪಾಕದ ಸಟ್ಟುಗ ಕೆಳಗಿಟ್ಟ. "ಹಂಗಾರ ದಂಟು ಹಿಂಡಿ ಒಂದು ಪೆಂಟಿ ಬೆಲ್ಲ ನಿಲ್ಲಿಸಿ ತೋರ್ಸು ಅಳಿಯಾ. ನಿಂತ್ರ ಎಂ.ಎಸ್ಸಿ. ಓದಾಕ ಹೋಗು, ಖರ್ಚು ನಂದು. ನಿಲ್ಲಲಿಲ್ಲ, ಇಲ್ಲೇ ಇದ್ದು ಬೆಲ್ಲ ಮಾರು."

ಅಪ್ಪ ಇಲ್ಲದ ನನಗೆ ಮಾವನ ಮಾತೇ ಕೊನೆಯದು. ಹುಕ್ಕೇರಿ ಬಳಿಯ ನಮ್ಮ ಹೊಲದಿಂದ ಸಿಹಿ ದಂಟಿನ ಹೊರೆಗಳನ್ನು ಬಸ್ಸಿನ ಮೇಲೆ ಹೇರಿಕೊಂಡು ಬಂದೆ. ಹಿಂಡಿದೆ, ಕುದಿಸಿದೆ, ಬಟ್ಟೆ ಹಾಸಿದ ಪೆಂಟಿಯ ಅಚ್ಚಿಗೆ ಸುರಿದೆ. ಮರುದಿನ ಬೆಳಿಗ್ಗೆ ಅಚ್ಚು ಬೋರಲು ಹಾಕಿದರೆ ಬೆಲ್ಲ ನಿಲ್ಲಲಿಲ್ಲ, ನಡೆಯಿತು. ದಂಟಿನ ರಸದಲ್ಲಿ ಹರಳುಗಟ್ಟಲು ಬಿಡದ ಬೇರೆ ಸಕ್ಕರೆಗಳೂ ಇರುತ್ತವೆ ಎಂದು ನನ್ನ ಪುಸ್ತಕದಲ್ಲೇ ಇತ್ತು. ಆ ಪುಟ ಓದಿದ್ದೆ ಕೂಡ, ಪರೀಕ್ಷೆಗೆ.

ಮಾವ ಆ ಕಾಕಂಬಿಯಲ್ಲಿ ರೊಟ್ಟಿ ಅದ್ದಿಕೊಂಡು ತಿಂದ. "ಚಲೋ ಐತಿ. ಸೊಂಟ ಇಲ್ಲ ಅಷ್ಟ. ನಾ ಗೋಕಾಕ ಪ್ಯಾಟಿಗೆ ಹೋಗಿ ನಾಳಿ ಬರ್ತೇನಿ, ಇನ್ನೊಮ್ಮೆ ಮಾಡು."

ಅವನು ಹೋದದ್ದೇ ನನ್ನ ವಿಜ್ಞಾನ ಜಾಣತನಕ್ಕೆ ಜಾಗ ಬಿಟ್ಟಿತು. ಗಾಣದ ರಸವನ್ನೇ ಕದ್ದು ಜೋಳದ್ದೆಂದರೆ ತನ್ನ ಕಬ್ಬಿನ ಗುರುತು ಮಾವನಿಗೆ ಸಿಗುತ್ತಿತ್ತು. ಬೇರೆ ಕಬ್ಬು ಬೇಕಿತ್ತು. ಒಲೆಗೆ ಉರಿ ಹಾಕುವ ಕಾಕಾನನ್ನು ಕೇಳಿದೆ.

"ಹಳ್ಳದ ಆಚಿ ನನ್ನ ಹೊಲದಾಗ ಐತಲ್ಲ ತಮ್ಮಾ, ಬೇಕಾದಷ್ಟು ಮುರಕೋ," ಎಂದ, ಬಹಳ ಧಾರಾಳವಾಗಿ.

ಆ ಕಬ್ಬಿನ ಪೆಂಟಿ ನಿಂತಿತು. ಎಷ್ಟು ಚೆಂದ ನಿಂತಿತೆಂದರೆ, ಅದು ಜೋಳದ್ದೇ ಎಂದು ನನಗೇ ಅರ್ಧ ನಂಬಿಕೆ ಬಂದಿತ್ತು.

ಮಾವ ಬಂದವನೇ ಒಂದು ಮೂಲೆ ಮುರಿದು ಬಾಯಿಗೆ ಹಾಕಿಕೊಂಡ. ಕಣ್ಣು ಮುಚ್ಚಿದನೋ, ಸುಮ್ಮನೆ ಹೊಗೆಗೆ ಕಿರಿದು ಮಾಡಿದನೋ, ಈಗ ಹೇಳಲಾರೆ.

"ಹುಕ್ಕೇರಿ ಕಡಿ ಜ್ವಾಳ ಯಾವಾಗಿಂದ ಉಪ್ಪಾತು?"

ನಾನು ಅಚ್ಚಿನ ಬಟ್ಟೆ ಮಡಚತೊಡಗಿದೆ.

"ಇದು ಹಳ್ಳದ ಆಚಿ ಸವಳು ನೆಲದ ಕಬ್ಬು. ಅದೂ ಕೂಳಿ ಬೆಳಿ, ಕಡದ ಬುಡದಿಂದ ಮತ್ತ ಚಿಗತದ್ದು. ಈ ಬೆಲ್ಲ ಪ್ಯಾಟ್ಯಾಗ ಯಾರೂ ಮುಟ್ಟೂದಿಲ್ಲ, ಅದಕ್ಕ ಅಂವ ಕಬ್ಬು ಹಂಗ ಬಿಟ್ಟಾನ."

ಕಾಕಾ ಒಲೆಯೊಳಗೆ ತಲೆ ಹಾಕಿ ಕೆಮ್ಮುತ್ತಿದ್ದ. ಗೊತ್ತಿದ್ದೂ ಯಾಕೆ ಹೇಳಲಿಲ್ಲವೆಂದು ಆಮೇಲೆ ಜಗಳ ತೆಗೆದೆ. "ನೀ ಕಬ್ಬು ಕೇಳಿದಿ, ರುಚಿ ಎಲ್ಲಿ ಕೇಳಿದಿ?" ಎಂದ.

ನನ್ನ ಎಂ.ಎಸ್ಸಿ. ಆಸೆ ಅಲ್ಲಿಗೆ ಮುಗಿಯಿತೆಂದುಕೊಂಡೆ. ಮಾವ ಕೈ ಒರೆಸಿಕೊಂಡು ನನ್ನ ಕಡೆ ತಿರುಗಿದ.

"ಬೆಲ್ಲ ಮಾರಾವಗ ಒಂದೀಟು ಸುಳ್ಳ ಹೇಳಾಕ ಬರಬೇಕು. ನಿಂದು ನಾಲಿಗಿ ಮ್ಯಾಲ ಇಡೂದ್ರಾಗ ಸಿಕ್ಕೊಂಡ್ತು. ನಿನ್ನ ಪ್ಯಾಟ್ಯಾಗ ಕುಂದ್ರಿಸಿದ್ರ ನಾ ಗಾಣ ಮುಚ್ಚಬೇಕಾಕ್ಕೈತಿ. ಧಾರವಾಡಕ್ಕ ಹೋಗು."

ನಾನು ಹೋಗುವಾಗ ಆ ಪೆಂಟಿಯನ್ನೇ ಬಟ್ಟೆಯಲ್ಲಿ ಸುತ್ತಿ ನನ್ನ ಟ್ರಂಕಿನಲ್ಲಿಟ್ಟ. ಹಾಸ್ಟೆಲಿನಲ್ಲಿ ದಿನಾ ಮುರಿದು ತಿಂದೆ. ಉಪ್ಪು ನಿಜಕ್ಕೂ ಹತ್ತುತ್ತಿತ್ತೋ, ಮಾವ ಹೇಳಿದ್ದರಿಂದ ಹತ್ತಿದಂತಾಗುತ್ತಿತ್ತೋ ತಿಳಿಯಲಿಲ್ಲ. ಪ್ರಯೋಗಾಲಯದಲ್ಲಿ ಒಂದು ಚೂರು ಪರೀಕ್ಷಿಸಿಯೇ ಬಿಡಬೇಕೆಂದು ನಿಶ್ಚಯ ಮಾಡಿದೆ. ಅಷ್ಟರಲ್ಲಿ ಬೆಲ್ಲ ತೀರಿಹೋಗಿತ್ತು.