ಅಕ್ಕನಿಗೆ ಅರ್ಧ ಬಾಡಿಗೆ

ನಮ್ಮ ಕಟ್ಟಡದ ಲಿಫ್ಟ್ ರಿಪೇರಿಯವನನ್ನು ಎಲ್ಲರೂ ಗುಬ್ಬಿ ಎನ್ನುತ್ತಿದ್ದರು. ಆರಡಿ ಎರಡಂಗುಲದ ಗುಬ್ಬಿ. ಮೂವತ್ತು ವರ್ಷದಲ್ಲಿ ಅವನು ಮೇಲಕ್ಕೆ ಕಳಿಸಿದ ಜನರನ್ನು ಒಬ್ಬರ ಹೆಗಲ ಮೇಲೆ ಒಬ್ಬರಂತೆ ನಿಲ್ಲಿಸಿದ್ದರೆ, ಕೊನೆಯವನ ತಲೆ ಚಂದ್ರನಿಗೆ ತಾಗಿ ಬುಗುಟು ಬರುತ್ತಿತ್ತು. ತಾನು ಮಾತ್ರ ನೆಲಮಹಡಿಯ ಒಂದೂವರೆ ಕೋಣೆಯಲ್ಲೇ ಉಳಿದ.

ಐವತ್ತು ದಾಟಿದ ಮೇಲೆ ಬ್ಯಾಂಕಿನಲ್ಲಿ ಸಾಲ ಎತ್ತಿ, ಎರಡು ಬೀದಿ ಆಚೆ ನಾಲ್ಕನೇ ಮಹಡಿಯಲ್ಲಿ ಸಣ್ಣದೊಂದು ಮನೆ ಕೊಂಡ. ಬಾಡಿಗೆಗೆ ಕೊಟ್ಟು ಮುಪ್ಪಿನಲ್ಲಿ ಕಾಲು ಚಾಚಿ ಕೂರುವ ಆಸೆ. ಆ ಮನೆಯ ತಾರಸಿಯೋ, ಮಳೆ ಬರುವುದಕ್ಕೆ ಒಂದು ದಿನ ಮೊದಲೇ ಸೋರುವಂಥದ್ದು. ಬಡ್ಡಿ, ರಿಪೇರಿ, ಕಂದಾಯ ಸೇರಿ ಬಾಡಿಗೆಯನ್ನು ನುಂಗಿ ನೀರು ಕುಡಿದವು. ಆಗ ಅವನ ಲಿಫ್ಟ್ ಕಂಪನಿಯ ಗುಮಾಸ್ತ ಧೈರ್ಯ ಹೇಳಿದ: ಬಾಡಿಗೆ ಮನೆಯ ನಷ್ಟವನ್ನು ಸಂಬಳದಲ್ಲಿ ಕಳೆದು ತೋರಿಸಿದರೆ, ಕಟ್ಟಿದ ತೆರಿಗೆಯಲ್ಲಿ ಒಂದಷ್ಟು ವಾಪಸ್ ಬರುತ್ತದೆ. ಬಂತು ಕೂಡ. ಮೂರು ವರ್ಷ ಆ ದುಡ್ಡೇ ಸಾಲದ ಕಂತನ್ನು ಕುಂಟಿಸಿಕೊಂಡು ನಡೆಸಿತು.

ಆ ಮನೆಯಲ್ಲಿ ಇದ್ದವಳು ಅವನ ಅಕ್ಕ. ಆಸ್ಪತ್ರೆಯಲ್ಲಿ ಬಟ್ಟೆ ಇಸ್ತ್ರಿ ಮಾಡುವ ಕೆಲಸ; ಅವಳು ಮಡಿಸಿಟ್ಟ ಹೊದಿಕೆಯ ಅಂಚಿನಲ್ಲಿ ತರಕಾರಿ ಹೆಚ್ಚಬಹುದಿತ್ತು. ತಾಯಿ ಸತ್ತಾಗ ಏಳು ವರ್ಷದ ತಮ್ಮನನ್ನು ಸಾಕಿದವಳು. ಬಿಟ್ಟಿ ಇರುವುದಿಲ್ಲ ಎಂದು ಅವಳ ಹಟ, ಅಕ್ಕನ ಹತ್ತಿರ ಪೂರ್ತಿ ಬಾಡಿಗೆ ಹೇಗೆ ಕೇಳಲಿ ಎಂದು ಇವನ ಸಂಕೋಚ. ಅರ್ಧಕ್ಕೆ ರಾಜಿಯಾಗಿತ್ತು.

ನಾಲ್ಕನೇ ವರ್ಷ ತೆರಿಗೆ ಕಚೇರಿಯಿಂದ ಒಂದು ಫಾರಂ ಬಂತು. ಬಾಡಿಗೆದಾರರಿಗೂ ನಿಮಗೂ ಏನು ಸಂಬಂಧ ಎಂದು ಅದರಲ್ಲೊಂದು ಪ್ರಶ್ನೆ, ಉತ್ತರಕ್ಕೆ ಬೆರಳಗಲದ ಜಾಗ. ಬೇರೆ ಯಾರಾದರೂ ಒಂದು ಗೆರೆ ಎಳೆದು ಸುಮ್ಮನಾಗುತ್ತಿದ್ದರು. ಗುಬ್ಬಿ ಜಾಗ ಸಾಲದೆ ಅಂಚಿಗೂ ಹರಿಸಿ ಬರೆದ: ಸ್ವಂತ ಅಕ್ಕ, ಅಮ್ಮನ ಹಾಗೆ ಸಾಕಿದ್ದಾಳೆ, ಅದಕ್ಕೇ ಅರ್ಧ ಬಾಡಿಗೆ. ಅಕ್ಕನ ವಿಷಯ ಸರ್ಕಾರವೇ ಕೇಳಿತಲ್ಲ ಎಂದು ಹಿಗ್ಗು ಬೇರೆ.

ಕಚೇರಿಯಿಂದ ಕರೆ ಬಂತು. ಅಲ್ಲಿನ ಅಧಿಕಾರಿ ಹೆಂಗಸು ಕೆಟ್ಟವಳಲ್ಲ, ಕೂರಲು ಕುರ್ಚಿ ಕೊಟ್ಟಳು. ನೆಂಟರಿಗೆ ಕಡಿಮೆ ಬಾಡಿಗೆಗೆ ಕೊಟ್ಟದ್ದು ಸ್ವಂತ ಬಳಕೆಯ ಮನೆಯ ಲೆಕ್ಕ, ಅದರ ನಷ್ಟವನ್ನು ಕಳೆಯುವಂತಿಲ್ಲ, ಮೂರು ವರ್ಷ ಪಡೆದದ್ದನ್ನು ದಂಡ ಸೇರಿಸಿ ಕಟ್ಟಬೇಕು ಎಂದು ನಿಧಾನವಾಗಿ ವಿವರಿಸಿದಳು.

"ಮೇಡಂ, ನಷ್ಟ ಆಗಿರೋದಂತೂ ನಿಜ ಅಲ್ವಾ?"

"ನಿಜಾನೇ. ಆದ್ರೆ ನೀವಾಗೇ ಮಾಡ್ಕೊಂಡಿರೋ ನಷ್ಟ. ಪೂರ್ತಿ ಬಾಡಿಗೆ ತಗೊಳ್ಳಿ, ಮುಂದಿನ ವರ್ಷದಿಂದ ಒಪ್ಕೋತೀವಿ."

ಪೂರ್ತಿ ಬಾಡಿಗೆಗೆ ಒಪ್ಪದಿದ್ದರೆ ತೆರಿಗೆಯ ದುಡ್ಡು ನಿಂತು ಕಂತು ತಪ್ಪುತ್ತದೆ, ಮನೆ ಬ್ಯಾಂಕಿನ ಪಾಲಾಗುತ್ತದೆ, ಅಕ್ಕ ಹೇಗೂ ಬೀದಿಗೆ. ಇಷ್ಟನ್ನು ಅಕ್ಕನಿಗೆ ಹೇಳಲು ಹೋದ ಗುಬ್ಬಿ, ಹೇಳುವ ಬದಲು ಅವಳ ಅಡುಗೆಮನೆಯ ನಲ್ಲಿ ಬಿಚ್ಚಿಕೊಂಡು ಒಂದು ಗಂಟೆ ಕೂತ.

"ನಲ್ಲಿ ಸರಿಯಾಗೇ ಇತ್ತು ಕಣೋ," ಎಂದಳು ಅಕ್ಕ. "ಏನು, ಹೇಳು."

ಹೇಳಿದ. ಅವಳು ಪೂರ್ತಿ ಬಾಡಿಗೆ ಎಷ್ಟೆಂದು ಕೇಳಿದಳು. ಇವನು ಸಾಧ್ಯವಾದಷ್ಟು ಕಡಿಮೆ ಮಾಡಿ ಹೇಳಿದ.

"ನನ್ನ ಸಂಬಳಕ್ಕಿಂತ ಜಾಸ್ತೀನಾ?"

"ಸ್ವಲ್ಪ."

"ಸರಿ ಬಿಡು. ನಾಲ್ಕು ಮಹಡಿ ಹತ್ತಿ ಹತ್ತಿ ನಂಗೂ ಮಂಡಿ ಹೋಗಿತ್ತು," ಎಂದಳು. ಆ ಕಟ್ಟಡದ ಲಿಫ್ಟ್ ಒಂದು ದಿನವೂ ಕೆಡದಂತೆ ನೋಡಿಕೊಂಡಿದ್ದವನು ಗುಬ್ಬಿಯೇ. ಅವನು ಬಿಚ್ಚಿದ ನಲ್ಲಿಯನ್ನು ಮತ್ತೆ ಜೋಡಿಸತೊಡಗಿದ.

ತಿಂಗಳೊಳಗೆ ಅವಳು ಆಸ್ಪತ್ರೆಯ ಹಿಂದೆ ಒಂದು ಕೋಣೆ ಹಿಡಿದಳು. ಮನೆಗೆ ಯಾರೋ ಗಂಡ ಹೆಂಡತಿ ಬಂದರು, ಪೂರ್ತಿ ಬಾಡಿಗೆ ಕೊಡುತ್ತಾರೆ. ತಾರಸಿ ಸೋರುತ್ತದೆ, ನಷ್ಟ ಇನ್ನೂ ಇದೆ; ಆದರೆ ಸರ್ಕಾರ ಮೆಚ್ಚಿದ ನಷ್ಟ. ವಾಪಸ್ ಬರಬೇಕಾದ ದುಡ್ಡು ಹಳೆಯ ಬಾಕಿಗೇ ಜಮೆಯಾಗುತ್ತದೆ, ಕಂತಿಗೆ ಅವನು ಊಟ ಕಡಿಮೆ ಮಾಡಿದ್ದಾನೆ.

ರಜೆಯ ದಿನ ಗುಬ್ಬಿ ಅಕ್ಕನನ್ನು ನೋಡಲು ಹೋಗುತ್ತಾನೆ. ಅವಳು ಬಾಗಿಲಲ್ಲೇ ನಿಂತು ಮಾತಾಡಿಸುತ್ತಾಳೆ, ಒಳಗೆ ಇಬ್ಬರು ಕೂರುವಷ್ಟು ಜಾಗವಿಲ್ಲವಂತೆ.