ಹೊಡೆದುಹಾಕಿದ ಉತ್ತರ

ಒಂದು ಶನಿವಾರದ ಬೆಳಗಿನ ವ್ಯಾಪಾರ, ಆಟೋಗೆ ಎಂಬತ್ತು ರೂಪಾಯಿ, ಇಸ್ತ್ರಿಗೆ ಕೊಟ್ಟ ಒಂದು ಅಂಗಿ: ಮಗಳ ಎರಡು ಹಾಳೆಯ ಉತ್ತರಪತ್ರಿಕೆ ನನ್ನ ಮನೆಗೆ ಬಂದದ್ದು ಇಷ್ಟು ವೆಚ್ಚದಲ್ಲಿ. ಏಕೆಂದರೆ ಆ ಶಾಲೆಯಲ್ಲಿ ಪತ್ರಿಕೆಯನ್ನು ತರಗತಿಯಲ್ಲಿ ಐದು ನಿಮಿಷ ತೋರಿಸಿ, ವಾಪಸು ಪಡೆದು, ಬೀರುವಿನಲ್ಲಿಟ್ಟು ಬೀಗ ಹಾಕುತ್ತಾರೆ. ಮನೆಗೆ ಬರುವುದು ಡೈರಿಯಲ್ಲಿ ಬರೆದ ಅಂಕ ಮಾತ್ರ. ಪಾತ್ರೆ ಅಂಗಡಿಯವನಾದ ನನಗೆ ಇದು ಒಗಟು. ಪಾತ್ರೆಯನ್ನೇ ತೋರಿಸದೆ ಬರೀ ತೂಕ ಹೇಳಿದರೆ ಯಾವ ಗಿರಾಕಿ ಒಪ್ಪುತ್ತಾನೆ, ನೀವೇ ಹೇಳಿ.

ಈ ಸಲ ಡೈರಿಯಲ್ಲಿದ್ದದ್ದು ಗಣಿತ, ಇಪ್ಪತ್ತೈದಕ್ಕೆ ಏಳು. ಕೆಳಗೆ ಕೆಂಪು ಶಾಯಿಯಲ್ಲಿ 'ಪೋಷಕರು ಬಂದು ಕಾಣುವುದು'. ಮಗಳು ಸಹನಾ ಒಂಬತ್ತನೇ ತರಗತಿ. ಹತ್ತರ ಫಲಿತಾಂಶ ನೂರಕ್ಕೆ ನೂರಿರಬೇಕೆಂಬ ಹಂಬಲದಲ್ಲಿ ಕೆಲವು ಶಾಲೆಯವರು ಒಂಬತ್ತರಲ್ಲೇ ದುರ್ಬಲರ ಕೈಗೆ ಟಿ.ಸಿ. ಇಟ್ಟುಬಿಡುತ್ತಾರೆಂಬ ಭಯ ನಮ್ಮ ಅಶೋಕಪುರಂನ ಮನೆಯೊಳಗೆ ಕರೆಯದ ನೆಂಟನಂತೆ ಬಂದು ಕೂತಿತ್ತು. ಗಣಿತ ಪರೀಕ್ಷೆಯ ದಿನ ಮಗಳು ದೋಸೆ ಮುಟ್ಟುತ್ತಿರಲಿಲ್ಲ. ನಾನು ತಿನ್ನುತ್ತಿದ್ದೆ, ರುಚಿ ಮಾತ್ರ ಗೊತ್ತಾಗುತ್ತಿರಲಿಲ್ಲ.

ನಾನು ಸೈಕಲ್ಲಿಗೆ ಪಾತ್ರೆ ಕಟ್ಟಿಕೊಂಡು ಬೀದಿಬೀದಿ ಕೂಗಿ ಮೇಲೆ ಬಂದವನು. ಸಗಟು ವ್ಯಾಪಾರಿಗಳನ್ನೂ ಮದುವೆಮನೆಯ ಯಜಮಾನಿಯರನ್ನೂ ಮಣಿಸಿದ ಈ ನಾಲಿಗೆ, ಮುಖ್ಯೋಪಾಧ್ಯಾಯಿನಿಯವರ ಕೋಣೆಯೆದುರಿನ ಬೆಂಚಿನ ಮೇಲೆ ಒಣಗಿ ಅಂಗುಳಕ್ಕೆ ಅಂಟಿಕೊಂಡಿತು. ಎಸ್ಸೆಸ್ಸೆಲ್ಸಿಯನ್ನು ಎರಡು ಸಲ ದಾಟಲಾಗದವನಿಗೆ ಶಾಲೆಯ ಗಂಟೆ ಇಂದಿಗೂ ಹೊಟ್ಟೆಯೊಳಗೇ ಬಾರಿಸಿದ ಹಾಗೆ ಕೇಳಿಸುತ್ತದೆ.

ಆದರೂ ಪತ್ರಿಕೆ ಮನೆಗೆ ಕೊಡಿ, ಇನ್ನೊಂದು ಸಲ ಪರೀಕ್ಷೆಯನ್ನೂ ಕೊಡಿ ಎಂದು ಎರಡನ್ನೂ ಕೇಳಿದೆ. ಒಂದಾದರೂ ದಕ್ಕಲೆಂಬ ಹಳೆಯ ಉಪಾಯ.

"ಎಲ್ರೂ ಮನೆಗೆ ತಗೊಂಡೋದ್ರೆ ಅರ್ಧ ಮಾರ್ಕಿಗೂ ಜಗಳಕ್ಕೆ ಬರ್ತಾರೆ ಕಣ್ರೀ," ಎಂದರು ಅವರು. "ಇನ್ನೊಂದ್ಸಲ ಟೆಸ್ಟ್ ಅಂದ್ರೆ, ಮೊದಲ್ನೇ ಸಲಾನೇ ಓದ್ಕೊಂಡು ಬಂದ ಮಕ್ಕಳಿಗೆ ನಾನೇನು ಹೇಳ್ಲಿ?"

ಮಾತು ನ್ಯಾಯವಾದದ್ದೇ. "ಅವರ ಮಾರ್ಕು ನಾವೇನು ಕಿತ್ಕೊಳಲ್ಲ ಮೇಡಂ. ಜಗಳಕ್ಕೂ ಬರಲ್ಲ. ಮಗು ಎಲ್ಲಿ ಎಡವ್ತಿದೆ ಅಂತ ನೋಡ್ಬೇಕು, ಅಷ್ಟೇ," ಎಂದು ತೊದಲಿದೆ. ಅವರು ಯೋಚಿಸಿ, ಸೋಮವಾರ ಹಿಂತಿರುಗಿಸುವ ಷರತ್ತಿನ ಮೇಲೆ ಪತ್ರಿಕೆ ಕೊಟ್ಟರು. ಬುಧವಾರ ಮರುಪರೀಕ್ಷೆ, ಅದರಲ್ಲೂ ಹೀಗೇ ಆದರೆ ಬೇರೆ ಶಾಲೆ ನೋಡಿಕೊಳ್ಳಿ ಎಂದರು.

ಹಾಳೆ ಬಿಡಿಸುವ ಧೈರ್ಯ ಬರಲು ಎರಡು ಲೋಟ ಕಾಫಿ ಬೇಕಾಯಿತು. ಐದು ಲೆಕ್ಕಗಳಲ್ಲಿ ಮೊದಲು ಬರೆದ ಉತ್ತರಕ್ಕೆ ಅಡ್ಡಗೆರೆ, ಪಕ್ಕದಲ್ಲಿ ಬೇರೊಂದು ಉತ್ತರ, ಅದಕ್ಕೆ ತಪ್ಪೆಂದು ಕೆಂಪು ಗುರುತು. ಲೆಕ್ಕಗಳು ಪುಸ್ತಕದ್ದೇ ಆದ್ದರಿಂದ ಅಪ್ಪ ಮಗಳು ಕೂತು ಹಿಂಬದಿಯ ಉತ್ತರಗಳೊಡನೆ ಹೋಲಿಸಿದೆವು. ನಾಲ್ಕರಲ್ಲಿ ಹೊಡೆದುಹಾಕಿದ್ದೇ ಸರಿ!

"ಯಾಕಮ್ಮ ಹೊಡೆದಾಕ್ಬುಟ್ಟೆ?"

"ನೀನೇ ತಾನೆ ಅಪ್ಪ ಹೇಳೋದು, ಮೊದ್ಲು ಹೇಳಿದ ರೇಟು ಯಾವತ್ತೂ ನಿಜ ಅಲ್ಲ ಅಂತ? ಅದಕ್ಕೇ ಯಾವ್ದು ಮೊದ್ಲು ಬಂದ್ರೂ ಭಯ ಆಗುತ್ತೆ."

ಅಂಗಡಿಯಲ್ಲಿ ನನ್ನ ಪಕ್ಕದಲ್ಲೇ ಕೂತು ಬೆಳೆದ ಹುಡುಗಿ. ಗಿರಾಕಿಯ ಮೊದಲ ಮಾತೂ ಸುಳ್ಳು, ನನ್ನದೂ ಸುಳ್ಳು ಎಂಬ ನನ್ನ ಮಹಾಸೂತ್ರವನ್ನು ಬೀಜಗಣಿತಕ್ಕೂ ಅನ್ವಯಿಸಿ, ತನ್ನೊಡನೆ ತಾನೇ ಚೌಕಾಸಿಗಿಳಿದು ಸೋತಿದ್ದಳು. ಇದನ್ನು ಡೈರಿಯ ಅಂಕ ಹೇಳಿರಲಿಲ್ಲ. ಕಾರಣ ತಿಳಿದ ಮೇಲೆ ಭಯ ಇಳಿಯಬೇಕಿತ್ತು, ಏರಿತು. ಓದದ ಮಗಳನ್ನು ಓದಿಸಬಹುದು, ಅಪ್ಪನ ಬುದ್ಧಿವಾದವನ್ನು ನಾಲ್ಕು ದಿನದಲ್ಲಿ ಮರೆಸುವುದು ಹೇಗೆ? ಅದು ಅಂಗಡಿಯ ಮಾತು, ಲೆಕ್ಕಕ್ಕೆ ಹೊಂದುವುದಲ್ಲ, ತಪ್ಪು ನನ್ನದೇ ಎಂದು ಅವಳೆದುರು ಒಪ್ಪಿಕೊಂಡೆ.

ಬುಧವಾರ ಶಾಲೆಯ ಗೇಟಿನ ಹೊರಗೆ ನಿಂತಿದ್ದೆ. ಹೊರಬಂದವಳೇ, "ಒಂದು ಲೆಕ್ಕ ಡೌಟು ಅಪ್ಪ. ಆದ್ರೂ ಹೊಡೆದಾಕ್ಲಿಲ್ಲ ಬುಡು," ಎಂದಳು. ಅದು ನಿಜಕ್ಕೂ ತಪ್ಪಾಗಿತ್ತು. ಒಟ್ಟು ಹದಿನೇಳು ಬಂತು, ಟಿ.ಸಿ. ಮಾತು ಸದ್ಯಕ್ಕೆ ತಪ್ಪಿತು. ಆ ಬೀರುವಿನಲ್ಲಿ ಉಳಿದಿರುವ ಹಾಳೆಗಳನ್ನು ನೆನೆದರೆ ಮಾತ್ರ ಈಗಲೂ ಅಂಜಿಕೆ: ಯಾರ ಮನೆಯ ಯಾವ ಮಾತಿಗೆ ಹೆದರಿ, ಎಷ್ಟು ಮಕ್ಕಳು ಸರಿ ಉತ್ತರದ ಮೇಲೆ ಗೆರೆ ಎಳೆದಿದ್ದಾರೋ.

ಆದ್ದರಿಂದ ನೀವೂ ಹೋಗಿ ಪತ್ರಿಕೆ ಕೇಳಿ. ಗದರಬೇಡಿ, ಅರ್ಧ ಅಂಕಕ್ಕೆ ಕೈಚಾಚಬೇಡಿ. ಮರುಪರೀಕ್ಷೆಯನ್ನು ಒಂದೇ ಒಂದು ಸಲ ಕೇಳಿ, ಅದೂ ನನ್ನ ಹಾಗೆ ಮೊದಲೇ ಅಲ್ಲ, ತಪ್ಪು ಎಲ್ಲಿದೆಯೆಂದು ತಿಳಿದ ಮೇಲೆ. ಹಾಳೆ ಮನೆಗೆ ಬಂದಾಗ ಅಂಕದ ಮೇಲೆ ಕೈ ಮುಚ್ಚಿ, ಮಗು ಹೊಡೆದುಹಾಕಿದ್ದನ್ನು ಮೊದಲು ಓದಿ. ಅಲ್ಲಿ ನಿಮ್ಮದೇ ದನಿ ಕೇಳಿಸಿದರೆ ಮಗುವಿನ ಮುಂದೆ ಒಪ್ಪಿಕೊಳ್ಳಿ. ಡೈರಿಗೆ ಸಹಿ ಹಾಕುವುದು ಆಮೇಲೆ.