ಮುನಿಯಕ್ಕನಿಗೆ ಬಂದ ಮರ್ಯಾದೆಯ ಫೋನು

ಚಿಕ್ಕಲಸಂದ್ರದ ಹಳೇ ಊರಿನ ಬೀದಿಯಲ್ಲಿ ಮುನಿಯಕ್ಕನಿಗೆ ಟೋಪಿ ಹಾಕುವವರು ಇನ್ನೂ ಹುಟ್ಟಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ಸೊಪ್ಪಿನವನು ಕಟ್ಟು ಕೊಟ್ಟರೆ ದಾರ ಬಿಚ್ಚಿ ಒಳಗಿನ ಎಲೆ ನೋಡುತ್ತಾಳೆ. ಗ್ಯಾಸ್ ಸಿಲಿಂಡರ್ ಬಂದರೆ ಹಿಡಿದು ಅಲ್ಲಾಡಿಸಿ ಕಿವಿಗೊಡುತ್ತಾಳೆ. ತಂದವನು "ತುಂಬಿದೆ ಆಂಟಿ, ದೇವರಾಣೆ" ಎಂದರೆ, "ಆಣೆ ಯಾಕಪ್ಪ ಇಡ್ತೀಯ, ನಾನೇನು ಕೇಳಿದ್ನಾ?" ಎಂದು ಇನ್ನೊಂದು ಸಲ ಅಲ್ಲಾಡಿಸುತ್ತಾಳೆ.

ಅವಳ ಗಂಡ ಮಾರಯ್ಯ ಬೇರೆಯೇ ಜಾತಕದವನು. ಯಾರು ಏನು ಹೇಳಿದರೂ ನಂಬುತ್ತಾನೆ, ಆದರೆ ಬಾಯಿ ಜೋರು. ನೀರಿನ ಕೆಲಸದಲ್ಲಿ ವಾಲ್ವ್‌ಮನ್ ಆಗಿದ್ದವನು. ಉದ್ದನೆಯ ಕಬ್ಬಿಣದ ಕೀ ಹೆಗಲ ಮೇಲಿಟ್ಟುಕೊಂಡು ಬೀದಿ ಬೀದಿಗೂ ನೀರು ಬಿಟ್ಟು, ಕೊನೆಯ ಮನೆಗೂ ಕೇಳುವಂತೆ "ನೀರ್ ಬಂತೂ" ಎಂದು ಕೂಗಿ ಕೂಗಿ ಗಂಟಲೇ ಹಾಗೆ ನಿಂತುಬಿಟ್ಟಿತ್ತು. ರಿಟೈರ್ ಆದ ಮೇಲೂ ಮನೆಯಲ್ಲಿ ಅದೇ ಗಂಟಲು. ಮದುವೆಯಾದ ಮೇಲೆ ಒಂದು ಸಲವೂ ಹೆಂಡತಿಯನ್ನು ಹೆಸರು ಹಿಡಿದು ಕರೆದವನಲ್ಲ. "ಅಮ್ಮೀ" ಎಂದರೆ ಟೀ ಬೇಕು ಎಂದರ್ಥ. "ಲೇ ಅಮ್ಮೀ" ಎಂದರೆ ಎಲ್ಲೋ ನೀರು ಪೋಲಾಗುತ್ತಿದೆ. ಮೇಲಿನ ಟ್ಯಾಂಕು ತುಂಬಿ ಒಂದು ಲೋಟ ನೀರು ಚೆಲ್ಲಿದರೂ ನಿದ್ದೆಯಲ್ಲಿದ್ದವನು ಎದ್ದು ಕೂರುತ್ತಿದ್ದ. ಅವಳೂ ಅವನ ಹೆಸರು ಎತ್ತಿದವಳಲ್ಲ. ಹೊರಗಿನವರ ಮುಂದೆ "ನಮ್ಮನೆಯವ್ರು", ಎದುರಿಗೆ ಬರೀ "ಏನಯ್ಯಾ".

ಇಂಥ ಮಾರಯ್ಯ ಬುದ್ಧವಿಹಾರದವರ ಜೊತೆ, ಅಲ್ಲಿನ ಭಿಕ್ಷು ಭಂತೇಜಿಯ ಹಿಂದೆ, ಶ್ರೀಲಂಕಾಕ್ಕೆ ಯಾತ್ರೆ ಹೊರಟ. ಮಂಡಿನೋವೆಂದು ಮುನಿಯಕ್ಕ ಉಳಿದುಕೊಂಡಳು. ಅವಳಿಗೆ ಇದ್ದ ಭಯ ಒಂದೇ. ಅವನಿಗೆ ಸಕ್ಕರೆ ಕಾಯಿಲೆ. ಬೇಸಿಗೆಯಲ್ಲಿ ಸಕ್ಕರೆ ಇಳಿದು ಬನಶಂಕರಿ ಬಸ್‌ಸ್ಟ್ಯಾಂಡಿನಲ್ಲಿ ಕುಸಿದು ಕೂತಿದ್ದ. ಅಲ್ಲಾದರೆ ಯಾರೋ ಪರಿಚಯದ ಕಂಡಕ್ಟರು ಆಟೋ ಹತ್ತಿಸಿ ಕಳಿಸಿದ್ದ. ಕಾಣದ ದೇಶದಲ್ಲಿ ಯಾರು ಹತ್ತಿಸುತ್ತಾರೆ? "ದಿನಾ ಸಂಜೆ ನಿನ್ ಗಂಟಲು ನನ್ ಕಿವಿಗೆ ಬೀಳ್ಬೇಕು, ಇಲ್ದಿದ್ರೆ ಹೋಗ್ಬೇಡ" ಎಂದಿದ್ದಳು.

ಅದಕ್ಕೆ ದಾರಿ ಮಾಡಿಕೊಟ್ಟವಳು ಮಗಳು ಸಂಘಮಿತ್ರಾ. ಪದ್ಮನಾಭನಗರದ ಒಂದು ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸ ಅವಳದು. ಅಪ್ಪನ ದೊಡ್ಡ ಫೋನಿನಿಂದ ಸಿಮ್ ತೆಗೆದು, ಮನೆಯಲ್ಲಿದ್ದ ಹಳೇ ಬಟನ್ ಫೋನಿಗೆ ಹಾಕಿದಳು. "ಇದು ಅಮ್ಮನ ಹತ್ರನೇ ಇರ್ಲಿ. ಪೆನ್ಶನ್ ಮೆಸೇಜ್ ಎಲ್ಲಾ ಇದಕ್ಕೇ ಬರುತ್ತೆ. ಅಲ್ಲಿಂದ ಈ ಸಿಮ್ಮಲ್ಲಿ ಮಾತಾಡಿದ್ರೆ ಸುಮ್ನೆ ದುಡ್ಡು ಸುರಿದ ಹಾಗೆ. ನೀನು ಲಾಡ್ಜಲ್ಲಿ ನಿನ್ ದೊಡ್ ಫೋನಿಗೆ ವೈಫೈ ಕೇಳಿ ಹಾಕಿಸ್ಕೊ, ವಾಟ್ಸಾಪಲ್ಲಿ ಅಮ್ಮನ ದೊಡ್ ಫೋನಿಗೆ ಮಾಡು. ಪುಕ್ಕಟೆ."

ಪುಕ್ಕಟೆ ಎಂಬ ಮಾತು ಕೇಳಿದಾಗಲೇ ಮುನಿಯಕ್ಕನಿಗೆ ಅನುಮಾನ. ಸಮುದ್ರ ದಾಟಿ ಬರುವ ಮಾತಿಗೆ ಕಾಸು ಕೇಳುವುದಿಲ್ಲವೆಂದರೆ, ಮತ್ತೇನನ್ನೋ ಕೇಳುತ್ತಾರೆ.

ಆ ಅನುಮಾನಕ್ಕೆ ಕಾರಣವೂ ಇತ್ತು. ಎದುರು ಮನೆಯ ನಾರಾಯಣಮ್ಮನಿಗೆ ಹೋದ ತಿಂಗಳು ಯಾರೋ ಫೋನು ಮಾಡಿ, ಅಣ್ಣನ ಮಗನ ಧ್ವನಿಯಲ್ಲೇ ಮಾತಾಡಿ, "ಅತ್ತೆ, ನಿಮ್ಮ ಫೋನಿಗೆ ಒಂದು ನಂಬರ್ ಬಂದಿದೆ, ಓದಿ ಹೇಳಿ" ಎಂದಿದ್ದರು. ಹೇಳಿದ್ದೇ ತಡ, ಅವಳ ವಾಟ್ಸಾಪು ಕಳ್ಳನ ಕೈಸೇರಿತು. ಅವನು ಅವಳ ಹೆಸರಿನಲ್ಲಿ ಕೂತು ನೆಂಟರಿಷ್ಟರನ್ನೆಲ್ಲ ಆಸ್ಪತ್ರೆಗೆ ದುಡ್ಡು ಬೇಕೆಂದು ಕೇಳಿದ. ಬೀಗರ ಮನೆಯವರು ಇವತ್ತಿಗೂ ಮುಖ ಕೊಟ್ಟು ಮಾತಾಡುವುದಿಲ್ಲ. ಅವತ್ತೇ ಸಂಘಮಿತ್ರಾ ಅಮ್ಮನನ್ನು ಕೂರಿಸಿಕೊಂಡು ಹೇಳಿದ್ದಳು: "ಓಟಿಪಿ ಅಂತ ಬರೋ ನಂಬರ್ ಯಾರಿಗೂ ಹೇಳ್ಬಾರ್ದು. ಅಪ್ಪ ಅಲ್ಲ, ನಾನೇ ಕೇಳಿದ್ರೂ ಹೇಳ್ಬಾರ್ದು. ಈಗ ಗಂಟಲನ್ನೂ ಕದೀತಾರೆ."

ಮೊದಲ ಕೆಲವು ಸಂಜೆ ಎಲ್ಲ ಸರಿಯಾಗಿ ನಡೆಯಿತು. ಫೋನಿನಲ್ಲಿ ಮಾರಯ್ಯನ ಮೂಗೇ ಕಾಣುತ್ತಿತ್ತು, ಗಂಟಲು ಮಾತ್ರ ಬೀದಿಗೆಲ್ಲ ಕೇಳುತ್ತಿತ್ತು. ಆಮೇಲೆ ಒಂದು ಸಂಜೆ ಫೋನು ಬರಲಿಲ್ಲ. ಮಾರನೆಯ ಸಂಜೆಯೂ ಇಲ್ಲ. ಸಂಘಮಿತ್ರಾ ಮಾಡಿದರೆ ಹೋಗುತ್ತಲೇ ಇರಲಿಲ್ಲ. "ನೆಟ್ ಇರಲ್ಲಮ್ಮ, ಅಷ್ಟೇ" ಎಂದಳು. ಹೇಳುವಾಗ ಅವಳ ದನಿ ತೆಳ್ಳಗಾಗಿದ್ದನ್ನು ಮುನಿಯಕ್ಕ ಗಮನಿಸಿದಳು. ತಟ್ಟೆಯಲ್ಲಿದ್ದ ಮುದ್ದೆಯನ್ನು ನಾಯಿಗೆ ಹಾಕಿದಳು.

ಮರುದಿನ ಬೆಳಿಗ್ಗೆ ಮಗಳು ಕೆಲಸಕ್ಕೆ ಹೋದ ಮೇಲೆ ಮುನಿಯಕ್ಕ ಸಂಪಿನ ನೀರು ಏರಿಸಲು ಮೋಟಾರು ಹಾಕಿ ಬಟ್ಟೆ ಒಗೆಯಲು ಕೂತಿದ್ದಳು. ಆಗ ಒಳಗೆ ಫೋನು ಹೊಡೆದುಕೊಂಡಿತು. ಹೊಡೆದುಕೊಂಡದ್ದು ಅವಳ ದೊಡ್ಡ ಫೋನಲ್ಲ, ಗಂಡನ ಸಿಮ್ಮಿದ್ದ ಬಟನ್ ಫೋನು. ನೋಡಿದರೆ ಎಲ್ಲೂ ಕಾಣದ ಉದ್ದನೆಯ ನಂಬರು. ಮುನಿಯಕ್ಕ ಸೆರಗಿಗೆ ಕೈ ಒರೆಸಿಕೊಂಡು, ಎತ್ತಿ, ತಾನೇನೂ ಮಾತಾಡದೆ ಕಿವಿಗಿಟ್ಟುಕೊಂಡಳು.

"ಹಲೋ, ಮುನಿಯಕ್ಕ ಅವರಾ? ನಾನು ಮಾರಯ್ಯ. ಚೆನ್ನಾಗಿದ್ದೀರಾ?"

ಗಂಟಲು ಅವನದೇ. ಆದರೆ ಮಾತು? ಹೆಸರು ಹಿಡಿದು, ಮೇಲೊಂದು 'ಅವರು' ಸೇರಿಸಿ, 'ಚೆನ್ನಾಗಿದ್ದೀರಾ' ಬೇರೆ! ಗಂಟಲು ಕದ್ದವನಿಗೆ ಈ ಮನೆಯ ಮಾತು ಗೊತ್ತಿಲ್ಲ ಎಂದು ಅವಳಿಗೆ ತಕ್ಷಣ ಹೊಳೆಯಿತು.

"ಯಾರಪ್ಪ ನೀನು?" ಎಂದಳು.

"ಅಯ್ಯೋ, ನಾನೇ. ನನ್ನ ಫೋನು ಅನುರಾಧಪುರದ ಕೆರೆಗೆ ಬಿದ್ದೋಯ್ತು. ತೂಬು ಹೆಂಗ್ ಮಾಡವ್ರೆ ಅಂತ ಬಗ್ಗಿ ನೋಡ್ದೆ, ಜೇಬಿಂದ ಜಾರ್ತು. ನಮ್ ಜೊತೆ ದೇವರಾಜ್ ಅಂತ ಅವ್ನೆ, ಅವ್ನದೊಂದು ಹಳೇ ಫೋನ್ ಕೊಟ್ಟವ್ನೆ. ಅದಕ್ಕೆ ವಾಟ್ಸಾಪ್ ಹಾಕ್ಬೇಕಂತೆ. ಈಗ ನಿಮ್ ಕೈಲಿರೋ ಫೋನಿಗೆ ಆರು ನಂಬರ್ ಬರುತ್ತೆ, ಅದನ್ನ ಓದಿ ಹೇಳಿ ಮುನಿಯಕ್ಕ."

ಬಂತು ನೋಡು, ಎಂದುಕೊಂಡಳು ಮುನಿಯಕ್ಕ. ನಾರಾಯಣಮ್ಮನ ಕಥೆಯೇ ಅಕ್ಷರ ತಪ್ಪದೆ ನಡೆಯುತ್ತಿದೆ.

"ದೊಡ್ ಫೋನಿಗೆ ಮಾಡ್ದೆ ಇದಕ್ಕೆ ಯಾಕಪ್ಪ ಮಾಡ್ದೆ?"

"ಆ ನಂಬರ್ ಯಾರಿಗ್ ಗೊತ್ತು? ಎಲ್ಲಾ ಫೋನ್ ಜೊತೆ ಕೆರೆಗೆ ಹೋಯ್ತು. ಬಾಯಲ್ಲಿರೋದು ನನ್ ನಂಬರ್ ಒಂದೇ. ಅದು ನಿಮ್ಮತ್ರ ಐತಲ್ಲ ಅಂತ ಇವತ್ತು ಬೆಳಿಗ್ಗೆ ಹೊಳೀತು. ದೇವರಾಜ್ ಫೋನಲ್ಲಿ ಅದೇನೋ ನೆಟ್ಟಿಂದ ಕಮ್ಮಿ ಕಾಸಿಗೆ ಮಾಡೋದು ಐತೆ, ಅದ್ರಲ್ಲಿ ಮಾಡ್ತಿದ್ದೀನಿ. ಅದ್ರಲ್ಲೂ ಸ್ವಲ್ಪನೇ ಉಳಿದಿರೋದು. ಲಾಡ್ಜ್ ಮುಂದೆ ಬಸ್ ಬೇರೆ ನಿಂತೈತೆ, ಬೇಗ ಹೇಳಿ."

ಬೇಗ ಹೇಳಿ. ನಾರಾಯಣಮ್ಮನ ಕಳ್ಳನೂ ಬೇಗ ಹೇಳಿ ಎಂದೇ ಅಂದಿದ್ದ.

ಅಷ್ಟರಲ್ಲಿ ಕೈಯಲ್ಲಿದ್ದ ಫೋನು ಟಿಣ್ ಎಂದಿತು. ನಂಬರು ಬಂದಿತ್ತು. ಅಂಕಿಗಳನ್ನು ಓದುವುದು ಅವಳಿಗೆ ಕಷ್ಟವಲ್ಲ. ಹೇಳುವುದೇ ಕಷ್ಟ. ಕಳ್ಳನಾಗಿದ್ದರೆ ನಾಳೆ ಗಂಡನ ಹೆಸರಿನಲ್ಲಿ ಕೂತು ಕುಲಬಾಂಧವರನ್ನೆಲ್ಲ ಸುಲಿಯುತ್ತಾನೆ. ಅವನೇ ಆಗಿದ್ದರೆ, ಹೇಳದೆ ಹೋದರೆ, ಯಾತ್ರೆ ಮುಗಿಯುವವರೆಗೆ ಅವನು ಕುಸಿದು ಬಿದ್ದರೂ ಈ ಕಿವಿಗೆ ಸುದ್ದಿ ಬೀಳುವುದಿಲ್ಲ.

"ನಮ್ಮನೆ ನಾಯಿ ಹೆಸರೇನು?" ಎಂದು ಕೇಳಿದಳು.

"ರಾಜ. ಎಡಗಿವಿ ಹರಿದೈತೆ."

ಕಿವಿ ಹರಿದದ್ದನ್ನೂ ಹೇಳಿದ! ಕೇಳದ್ದನ್ನೂ ಹೇಳುವವನು ಪಾಠ ಒಪ್ಪಿಸುವವನೇ ಇರಬೇಕು. ನಾರಾಯಣಮ್ಮನ ಕಳ್ಳನಿಗೆ ಮೊಮ್ಮಗನ ಮುದ್ದಿನ ಹೆಸರೂ ಗೊತ್ತಿತ್ತಂತೆ. ಮುನಿಯಕ್ಕ ಇನ್ನೂ ನಾಲ್ಕು ಪ್ರಶ್ನೆ ಕೇಳಿದಳು. ಒಂದೊಂದಕ್ಕೂ ಅವನು ಸರಿಯಾಗಿಯೇ ಉತ್ತರ ಕೊಟ್ಟ. ಒಂದೊಂದು ಸರಿಯುತ್ತರಕ್ಕೂ ಅವಳ ಅನುಮಾನ ಒಂದೊಂದು ಗೇಣು ಬೆಳೆಯಿತು.

"ಎಷ್ಟ್ ದಿನದಿಂದ ನಮ್ಮನೆ ಮೇಲೆ ಕಣ್ಣಿಟ್ಟಿದ್ದೀಯೋ ಕಳ್ ನನ್ಮಗನೆ?"

"ನಿಧಾನ, ಮುನಿಯಕ್ಕ. ಕೋಪ ಮಾಡ್ಕೋಬೇಡಿ."

ಬೈದರೂ ಬೈಯುವುದಿಲ್ಲವಲ್ಲ! ಅವಳ ಗಂಡನಾಗಿದ್ದರೆ ಇಷ್ಟು ಹೊತ್ತಿಗೆ ಛಾವಣಿ ಹಾರಿರುತ್ತಿತ್ತು.

"ನೋಡಯ್ಯ, ನೀನು ನಮ್ಮನೆಯವ್ರೇ ಆಗಿದ್ರೆ ಒಂದ್ ಸಲ ಬೈಯಿ ನನ್ನ. ನಂಬರ್ ಹೇಳ್ತೀನಿ."

ಆ ಕಡೆ ದೂರದಲ್ಲಿ ಬಸ್ಸಿನ ಹಾರನ್ನು. ಯಾರೋ "ಬನ್ನಿ ಅಂಕಲ್" ಎಂದು ಕರೆಯುತ್ತಿದ್ದರು.

"ಬೈಯೋ ಹಂಗಿಲ್ಲ, ಮುನಿಯಕ್ಕ," ಎಂದ ಅವನು, ಬಹಳ ಸಣ್ಣಗೆ. "ಯಾತ್ರೆ ಮುಗಿಯೋವರೆಗೂ ಒರಟು ಮಾತು ಆಡಲ್ಲ ಅಂತ ಮೊನ್ನೆ ಭಂತೇಜಿ ಮುಂದೆ ಮಾತು ಕೊಟ್ಟಿದ್ದೀನಿ. ಪಕ್ಕದಲ್ಲೇ ನಿಂತವ್ರೆ."

"ಹಂಗಾದ್ರೆ ನಾನೂ ಹೇಳೋ ಹಂಗಿಲ್ಲ. ನಮ್ ಸಂಘಮಿತ್ರಂಗೆ ಮಾತು ಕೊಟ್ಟಿದ್ದೀನಿ," ಎಂದು ಮುನಿಯಕ್ಕ ಕೆಂಪು ಬಟನ್ನಿನ ಮೇಲೆ ಹೆಬ್ಬೆಟ್ಟು ಇಟ್ಟಳು. ಇಟ್ಟಳು ಅಷ್ಟೇ, ಒತ್ತಲು ಕೈ ಬರಲಿಲ್ಲ. ಎರಡು ದಿನದಿಂದ ಆ ಗಂಟಲಿಗೇ ಕಾದಿದ್ದವಳು. ಕದ್ದದ್ದಾದರೂ ಇನ್ನೊಂದು ಚೂರು ಕೇಳೋಣ ಎನಿಸಿತೋ ಏನೋ, ಮತ್ತೆ ಕಿವಿಗಿಟ್ಟುಕೊಂಡಳು. ಆ ಕಡೆಯವನೂ ಇಟ್ಟಿರಲಿಲ್ಲ. ಇಬ್ಬರೂ ಸುಮ್ಮನಿದ್ದರು.

ಆ ಸುಮ್ಮನಿರುವಿಕೆಯೊಳಗೆ ಇದ್ದಕ್ಕಿದ್ದಂತೆ ಫೋನು ಗುಡುಗಿತು.

"ಅದೇನದು ಸದ್ದು? ಲೇ ಅಮ್ಮೀ! ಟ್ಯಾಂಕ್ ತುಂಬಿ ಹೋಗ್ತೈತಲ್ಲೇ! ತಗಡಿನ್ ಮೇಲೆ ಸುರೀತೈತೆ, ಕಿವಿ ಏನ್ ಮಾರ್ಕೊಂಡಿದ್ದೀಯಾ? ಮೋಟ್ರು ಆರ್ಸೇ ಮೊದ್ಲು! ಕಾವೇರಿ ನೀರು ಕಣೇ ಅದು, ನಿಮ್ಮಪ್ಪ ತಂದು ಸುರಿದಿದ್ದಲ್ಲ!"

ಮುನಿಯಕ್ಕ ಹಿತ್ತಲ ಕಡೆ ತಿರುಗಿ ಕಿವಿಗೊಟ್ಟಳು. ಹೌದು, ಹಿಂದಿನ ಶೀಟಿನ ಮೇಲೆ ನೀರು ದಬದಬನೆ ಬೀಳುತ್ತಿತ್ತು. ಇಷ್ಟು ಹೊತ್ತೂ ಆ ಧ್ವನಿಯನ್ನೇ ಸೋಸುತ್ತಿದ್ದವಳಿಗೆ ಮನೆಯ ಸದ್ದು ಕೇಳಿಸಿರಲಿಲ್ಲ. ಮಂಡಿನೋವನ್ನೂ ಮರೆತು ಓಡಿ ಮೋಟಾರು ಆರಿಸಿದಳು. ಯಾವ ಕಳ್ಳನಿಗೆ ಚಿಕ್ಕಲಸಂದ್ರದ ಟ್ಯಾಂಕಿನ ನೀರಿನ ಮೇಲೆ ಇಷ್ಟು ಕರುಳು ಇದ್ದೀತು? ಹಿಂದಿರುಗುವಾಗ ಅವಳ ಕಣ್ಣು ಒದ್ದೆಯಾಗಿತ್ತು, ಬಾಯಿ ಮಾತ್ರ ಸೋತಿರಲಿಲ್ಲ.

"ನನ್ನಪ್ಪನ ಸುದ್ದಿಗ್ ಬರ್ಬೇಡ, ಹೇಳಿದ್ದೀನಿ. ಮಾತ್ರೆ ನುಂಗ್ತಿದ್ದೀಯಾ?"

"ನುಂಗ್ತಿದ್ದೀನಿ. ಅಯ್ಯೋ, ನನ್ ಮಾತು ಮುರಿದೋಯ್ತಲ್ಲೇ. ಭಂತೇಜಿ ನಗ್ತಾವ್ರೆ."

"ನಗ್ಲಿ ಬಿಡು. ಬರ್ಕೊ." ಒಂದೊಂದೇ ಅಂಕಿಯನ್ನು ಎರಡೆರಡು ಸಲ ಹೇಳಿದಳು. ಕೊನೆಯ ಅಂಕಿಗೆ ಬಂದಾಗ ಸ್ವಲ್ಪ ತಡೆದು, "ನಾಯಿಗೆ ಯಾವ್ ಕಿವಿ ಹರಿದಿರೋದು ಅಂದೆ?" ಎಂದು ಇನ್ನೊಮ್ಮೆ ಕೇಳಿಯೇ ಹೇಳಿದಳು.

ಸ್ವಲ್ಪ ಹೊತ್ತು ಬಿಟ್ಟು ಅವಳೇ ದೊಡ್ಡ ಫೋನಿನಿಂದ ಮಾಡಿದಳು, ಮೂಗು ಕಾಣಿಸಿತು. ಮುನಿಯಕ್ಕ ಕನ್ನಡಕ ಹಾಕಿಕೊಂಡು ನೋಡಿದಳು. "ಆ ಕಡೆ ತಿರುಗು. ಈ ಕಡೆ. ಸೊರಗಿದ್ದೀಯ." ಆಮೇಲೆ ಅವಳಿಗೆ ಹೊಸದೊಂದು ಅನುಮಾನ ಹುಟ್ಟಿತು. "ಅದ್ಸರಿ, ಹೆಸರ್ ಹಿಡ್ದು ಯಾಕ್ ಕರ್ದೆ? ಏನ್ ತಪ್ಪು ಮಾಡ್ಕೊಂಡಿದ್ದೀಯ ಅಲ್ಲಿ?"

ಮಾರಯ್ಯ ಬಸ್ಸಿನ ಕಿಟಕಿಯ ಕಡೆ ಮುಖ ತಿರುಗಿಸಿದ. "ತಪ್ಪೇನಿಲ್ಲ. ಭಂತೇಜಿ ಮೊನ್ನೆ ಹೇಳಿದ್ರು, ಮನೆ ಹೆಣ್ಣುಮಗಳನ್ನ ಮರ್ಯಾದೆಯಿಂದ ಕರೀಬೇಕು ಅಂತ. ಎಲ್ಲಾರೂ ಅವರವರ ಹೆಂಡ್ತಿ ಹೆಸರು ಹೇಳಿದ್ರು. ನಂಗೆ ಬಾಯಿಗೇ ಬರ್ಲಿಲ್ಲ ಕಣೇ. ನಾಚಿಕೆ ಆಯ್ತು."

ಮುನಿಯಕ್ಕ ಸೆರಗಿನ ತುದಿಯಿಂದ ಫೋನಿನ ಗಾಜು ಒರೆಸಿದಳು. ಬಸ್ಸು ಹೊರಟಿತು, ವೈಫೈ ಹಿಂದೆ ಉಳಿಯಿತು, ಮೂಗು ಹಾಗೇ ನಿಂತುಹೋಯಿತು.

ಸಂಜೆ ವಿಷಯ ತಿಳಿದ ಸಂಘಮಿತ್ರಾ ತಲೆ ಮೇಲೆ ಕೈ ಇಟ್ಟುಕೊಂಡಳು. "ಅಮ್ಮಾ! ಹೇಳ್ಬಿಟ್ಯಾ? ಅಪ್ಪನೇ ಅಂತ ಹೆಂಗ್ ಗೊತ್ತಾಯ್ತು?"

"ಬೈದ್ರು," ಎಂದಳು ಮುನಿಯಕ್ಕ.

ಮಗಳು ಇನ್ನೇನೋ ಕೇಳುವಷ್ಟರಲ್ಲಿ ದೊಡ್ಡ ಫೋನು ಹಾಡಿತು. ಮುಂದಿನ ಲಾಡ್ಜು ಸಿಕ್ಕಿತ್ತು.

"ಅಮ್ಮೀ, ಊಟ ಆಯ್ತಾ?"

ಮುನಿಯಕ್ಕ ಫೋನನ್ನು ಸ್ವಲ್ಪ ದೂರ ಹಿಡಿದು, ಗ್ಯಾಸಿನವನನ್ನು ನೋಡುವ ಹಾಗೆ ನೋಡಿದಳು. "ಯಾರ್ ಬೇಕಾಗಿತ್ತು?" ಎಂದಳು.

ಆ ಕಡೆ ಗಂಟಲು ಸರಿಮಾಡಿಕೊಂಡ ಸದ್ದು. ಅವಳು ಇಡಲಿಲ್ಲ. ಅವನ ಬಾಯಿಗೆ ತನ್ನ ಹೆಸರು ಬರುವವರೆಗೂ ಕಾದಳು.